ಅಳತೆಯ ದಾರ

ಮಿಡಿಗೇಶಿ ಬೆಟ್ಟದ ನಾಯಕರಿಗೆ
ರುಮಾಲು ಸುತ್ತುವುದು ನಮ್ಮ ಮನೆಯ ಕಸುಬು.
ಹದಿನೆಂಟು ಮೊಳ ಬಟ್ಟೆ, ಒಂದೇ ಕಡೆ ಜರಿಯಂಚು.
ಮೊದಲು ನನ್ನ ಮೊಣಕಾಲಿಗೆ ಸುತ್ತಿ ಮಡಿಕೆ ಕೂರಿಸಿ
ಆಮೇಲೆ ಅವರ ತಲೆಗೆ.
ಅಂದರೆ ಇಲ್ಲಿ ಆಳಿದವರೆಲ್ಲ
ಮೊದಲು ನನ್ನ ಮೊಣಕಾಲ ಮೇಲೆ ಆಳಿದವರೇ.
ಇದನ್ನು ಗಟ್ಟಿಯಾಗಿ ಹೇಳಬಾರದು.

ಆ ರಾತ್ರಿ ಕಾಟಪ್ಪನಾಯಕ ಬಂದ, ಒಬ್ಬನೇ,
ಪಂಜಿಲ್ಲ, ಚಪ್ಪಲಿ ಕೈಯಲ್ಲಿ.
‘ಮುದ್ದಯ್ಯ, ನನ್ನ ತಲೆಯ ಅಳತೆ ತೆಗಿ.’
ಮೇಲಿನ ಕೋಟೆಯಲ್ಲಿ ಅವನಣ್ಣ
ಹುರುಳಿಕಟ್ಟಿನ ಸಾರುಂಡು ಮಲಗಿದ್ದ,
ಗೊರಕೆ ಕೆಳಬಾಗಿಲಿಗೂ ಕೇಳುತ್ತಿತ್ತು.
ಯಾಕೆ ಎಂದು ನಾನು ಕೇಳಲಿಲ್ಲ.
ದಾರ ತಂದೆ. ಹುಬ್ಬಿನ ಮೇಲಿಂದ ಹಿಂದಲೆ ಬಳಸಿ
ಬೆರಳಲ್ಲಿ ಹಿಡಿದರೆ
ಅಣ್ಣನ ಗಂಟಿನ ಮೇಲೇ ಬಂದು ಕೂತಿತು,
ಎಳ್ಳಷ್ಟೂ ಆಚೀಚೆಯಿಲ್ಲ.
ಹೇಳಿದೆ. ನಕ್ಕ.
‘ಗೊತ್ತು. ನಿನ್ನ ಬಾಯಲ್ಲಿ ಕೇಳಬೇಕಿತ್ತು.’
ಒಂದು ವರಹ ಇಟ್ಟು ಹೋದ.
ರಾಗಿ ಗುಡಾಣದ ತಳಕ್ಕೆ ಹಾಕಿದೆ, ಇನ್ನೂ ಅಲ್ಲೇ ಇದೆ.

ಮೂರನೆಯ ದಿನ, ದೊಣೆಯ ಹತ್ತಿರ
ದೊಡ್ಡ ನಾಯಕರು ಜಾರಿದರು ಅಂದರು.
ಕಡುಬೇಸಿಗೆ. ದೊಣೆ ಒಣಗಿ ತಿಂಗಳಾಗಿತ್ತು,
ಬಂಡೆಯ ಮೇಲೆ ಹಾವಸೆಯ ಗುರುತೂ ಇಲ್ಲ.
ಜಾರಿದರು ಅಂತ ನಾನೂ ಅಂದೆ.

ಪಟ್ಟದ ದಿನ ನಾಲ್ಕು ಸಲ ಬಿಚ್ಚಿ ಸುತ್ತಿದೆ,
ಮೊಣಕಾಲು ನಿಲ್ಲಲೊಲ್ಲದು.

ಆಮೇಲೆ ಯುಗಾದಿ ಯುಗಾದಿಗೆ ಕರೆ:
‘ಅಣ್ಣನ ಮಗನ ತಲೆ ಎಷ್ಟು ಬೆಳೆದಿದೆ, ನೋಡು.’
ಓಬಳನಿಗೆ ಆಗ ಏಳು, ಆಮೇಲೆ ಒಂಬತ್ತು, ಹನ್ನೆರಡು.
ದಾರದ ತುದಿಯನ್ನು ಹೆಬ್ಬೆರಳಡಿ ಎರಡಂಗುಲ ನುಂಗಿ
‘ಇನ್ನೂ ಕೂಸಿನ ತಲೆ, ಬುದ್ದಿ’ ಅನ್ನುತ್ತಿದ್ದೆ.
ಹುಡುಗ ಕತ್ತು ಬಗ್ಗಿಸಿ ಸುಮ್ಮನೆ ಕೂರುವನು,
ಕಣ್ಣು ಮಾತ್ರ ನನ್ನ ಹೆಬ್ಬೆರಳ ಮೇಲೆ.
ಒಂದು ಜೀವ ಉಳಿಸಿದೆ ಎಂದು ಒಳಗೊಳಗೇ ಬೀಗಿದೆ.
ವರಹದ ಋಣ ತೀರಿತು ಅಂದುಕೊಂಡೆ.
ಮುದುಕರಿಗೆ ಲೆಕ್ಕ ತಪ್ಪುತ್ತದೆ.

ನಿನ್ನೆ ರಾತ್ರಿ ಕದ ತಟ್ಟಿದ ಸದ್ದು.
ನಾಯಿ ಬೊಗಳಲಿಲ್ಲ, ಗುರುತಿನವರೇ.
ತೆರೆದರೆ ಓಬಳ, ಮೀಸೆ ಈಗಷ್ಟೇ ಚಿಗುರಿದೆ,
ಚಪ್ಪಲಿ ಕೈಯಲ್ಲಿ.
ದೀಪದ ಬುಡಕ್ಕೆ ತಾನೇ ಬಂದು ಕೂತ.
ಕತ್ತು ಬಗ್ಗಿಸಲಿಲ್ಲ.
‘ಈ ಸಲ ಹೆಬ್ಬೆರಳು ತೆಗಿ, ತಾತ.’

ತೆಗೆದೆ.
ಗಂಟು ಎಲ್ಲಿಗೆ ಬಂತೆಂದು ಅವನೂ ಕೇಳಲಿಲ್ಲ,
ಮೇಲೆ ಕೋಟೆಯಲ್ಲಿ ಯಾರದೋ ಗೊರಕೆ,
ಇಲ್ಲಿ ಚಾಪೆಯ ಮೇಲೆ ನನ್ನ ಮೊಣಕಾಲು
ತಾನಾಗಿಯೇ ಮಡಿಚಿ ನಿಂತಿತು.