ಇನ್ನೊಂದು ಚೂರು

ಅದು ಮುರಿದದ್ದು ನನ್ನ ಕೈಯಲ್ಲೇ.
ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.
ನಿಗಡಿಯ ನಮ್ಮ ಬಿಲ್ಡಿಂಗಿನ ಕೆಳಗೆ, ಶನಿವಾರ ಸಂಜೆ,
ಪಾನಾಕ್ಕೆ ಎರಡಡಿ ನೀರಿನ ಪೈಪು ಸಿಕ್ಕಿಸಿ
ಅದರ ತುದಿಯ ಮೇಲೆ ನಿಂತಿದ್ದೆ, ಎಪ್ಪತ್ತೆಂಟು ಕಿಲೋ.
ಮರುದಿನ ಇವಳು ಒಬ್ಬಳೇ
ಸೊಲ್ಲಾಪುರಕ್ಕೆ ಕಾರು ತಗೊಂಡು ಹೊರಡುವವಳಿದ್ದಳಲ್ಲ.

ಟಕ್ ಎಂದಿತು. ಅಷ್ಟೇ.
ಹುರಿಗಡಲೆ ಹಲ್ಲಿಗೆ ಸಿಕ್ಕಷ್ಟು ಸಪ್ಪಳ.
ನಟ್ಟಿನ ಸಮೇತ ಅರ್ಧ ಸ್ಟಡ್ ಫರಸಿಯ ಮೇಲೆ ಉರುಳಿ
ಗೋಡಬೋಲೆಯವರ ಸ್ಕೂಟರಿನ ಕೆಳಗೆ ಹೋಗಿ ನಿಂತಿತು.

ಇಂದುಮತಿ ಬಂದಳು. ಬೈಯಲಿಲ್ಲ.
ಚೂರನ್ನೆತ್ತಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು.
ಭೋಸರಿಯ ಬೋಲ್ಟು ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ
ಹೀಗೇ ಹಿಡಿದವಳು, ಪಾಳಿಗೆ ಎಂಟುನೂರು:
ಗೋ ರಿಂಗು ಸಲೀಸಾಗಿ ಇಳಿಯಬೇಕು,
ನೋ-ಗೋ ಇಳಿಯಬಾರದು, ಇಳಿದರೆ ಕೆಂಪು ಡಬ್ಬಿ.
ಕಾರ್ಖಾನೆ ಚಾಕಣಕ್ಕೆ ಹೋಯಿತು, ಇವಳು ಹೋಗಲಿಲ್ಲ.
ನಾನು ಬ್ಯಾಂಕಿನ ಕ್ಯಾಶಿಯರ್. ನೋಟು ಎಣಿಸಿದವನು.

"ನೋಡ್ರಿಲ್ಲೆ, ಕುತಿಗಿ ಹ್ಯಾಂಗ ಸಣ್ಣಗಾಗೇದ.
ಇದು ಇವತ್ತ ಮುರದದ್ದಲ್ಲ.
ಹೋದ ವರ್ಷದಿಂದ ನೀವು ಎಳಕೋತ ಬಂದೀರಿ."

ಹೋದ ವರ್ಷ ಅವಳು ಲೈಸೆನ್ಸು ತೆಗೆದದ್ದು,
ಐವತ್ಮೂರನೆಯ ವಯಸ್ಸಿಗೆ.
ಆಗಿನಿಂದ ಅವಳು ಎಲ್ಲಿಗೇ ಹೊರಡಲಿ
ಹಿಂದಿನ ರಾತ್ರಿ ನಾನು ಚಪ್ಪಲಿ ಹಾಕದೆ ಇಳಿದು ಬಂದು
ನಾಲ್ಕು ಗಾಲಿ, ಹದಿನಾರು ನಟ್ಟು,
ಒಂದೊಂದಕ್ಕೂ ಇನ್ನೊಂದು ಚೂರು.
ಅವಳಿಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಸೋಮವಾರ ನಾನಾ ಪೇಠಿಗೆ ಹೋಗಿ
ಹದಿನಾರು ಸ್ಟಡ್ ತಂದಳು.
ಒಂದು ಸಾಕಾಗಿತ್ತಲ್ಲ, ಎಂದೆ.
"ಉಳದ ಹದಿನೈದೂ ನಿಮ್ಮ ಕೈಯಾಗ ಹಾದು ಬಂದಾವಲ್ಲ!"

ದಿನಕ್ಕೊಂದು ಗಾಲಿ.
ಹಿಂದೆ ಇಟ್ಟಿಗೆ, ಮುಂದೆ ಜಾಕು,
ಜಾಕನ್ನೂ ನಂಬದೆ ಪಕ್ಕಕ್ಕೊಂದು ಸ್ಟ್ಯಾಂಡು.
ಬ್ರೇಕಿನ ಕ್ಯಾಲಿಪರು ಬಿಚ್ಚಿ, ಪೈಪಿಗೆ ಜಗ್ಗದ ಹಾಗೆ
ಅರಿವೆ ಒಣಗಿಸುವ ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಿದಳು.
ನನ್ನ ಪಾಲಿಗೆ ಟಾರ್ಚು.
"ಅಲ್ಲೆ ಅಲ್ರೀ, ಇಲ್ಲೆ."

ಹಳೆಯದು ಮೂರನೆಯ ಏಟಿಗೆ ಬಿತ್ತು.
ಹೊಸದು ಒಳಬರಲು ಹಿಂದೆ ಜಾಗವೇ ಇಲ್ಲ, ತಗಡು ಅಡ್ಡ.
ರೇಡಿಯೋದಲ್ಲಿ ಸ್ಟೇಶನ್ ಹುಡುಕುವ ಹಾಗೆ
ಹಬ್ ತಿರುಗಿಸಿದಳು, ಬೆರಳಷ್ಟು ಬೆರಳಷ್ಟು.
ಒಂದು ಕಡೆ, ಒಂದೇ ಕಡೆ,
ತಗಡಿನ ಅಂಚು ಒಳಕ್ಕೆ ಸರಿದಿತ್ತು;
ಅಲ್ಲಿಂದ ಓರೆಯಾಗಿ ನುಸುಳಿ
ತೂತಿನಿಂದ ಹೊರಗೆ ಮೂಗು ಚಾಚಿತು.

ಸುತ್ತಿಗೆ ಕೊಡಹೋದೆ. ಬೇಡ.
ಬಡಿದು ತೆಗೆಯಬಹುದಂತೆ, ಬಡಿದು ಕೂಡಿಸಬಾರದಂತೆ.
ಗ್ರೀಸು ಸವರಿದ ವಾಷರು ನಾಲ್ಕು,
ಮೇಲೆ ನಟ್ಟು ತಿರುವಿ, ಚಪ್ಪಟೆ ಮುಖ ಒಳಗೆ.
ಪಾನಾ ಕಾಲು ಸುತ್ತು. ಕಾಲು ಸುತ್ತು.
ತಡೆದು,
ಮತ್ತೆ ಕಾಲು ಸುತ್ತು.
ಇತ್ತ ನಟ್ಟು ತಿರುಗಿದಂತೆ ಅತ್ತ ಕತ್ತಲೆಯಲ್ಲಿ
ಸ್ಟಡ್ಡಿನ ಕೊರಳ ಸಣ್ಣ ಹಲ್ಲುಗಳು
ಉಕ್ಕು ಕಚ್ಚುತ್ತ ಬರುತ್ತವೆ,
ಕೈಗೆ ತಿಳಿಯುತ್ತದೆ, ಹಿಡಿದು ನೋಡಿರಿ ಎಂದಳು.

ಹಿಡಿದೆ. ಮೊದಲು ಬಿಗಿ,
ಆಮೇಲೆ ಇನ್ನೂ ಬಿಗಿ, ಆಮೇಲೆ ಗೋಡೆ.
"ತಲಿ ಕೂತಿತು. ಸಾಕು."
ನನ್ನ ತೋಳು ಮಾತ್ರ ಕೇಳಿತು, ಇನ್ನೊಂದು ಚೂರು?
ಅವಳು ನನ್ನ ಮುಖ ನೋಡಲಿಲ್ಲ, ತೋಳು ನೋಡಿದಳು.

ಗುರುವಾರದ ಕೊನೆಯ ಗಾಲಿ ನಾನೇ ಹಾಕಿದೆ,
ಗ್ಯಾರೇಜಿನಿಂದ ಬೇಡಿ ತಂದ ಟಾರ್ಕ್ ಪಾನಾದಿಂದ.
ಅದು ಕಟ್ ಎನ್ನುತ್ತದೆ. ಎಂದಾಗ ನಿಲ್ಲಬೇಕು.
ಒಂದು, ಎದುರಿನದು, ಆಮೇಲೆ ಪಕ್ಕದವು.
ನಿಂತೆ.

ಶುಕ್ರವಾರ ಆರಕ್ಕೆ ಹೊರಟಳು.
ಎಂಬತ್ತು ಕಿಲೋಮೀಟರಿಗೆ ನಿಲ್ಲಿಸಿ
ನಟ್ಟುಗಳನ್ನು ಮತ್ತೊಮ್ಮೆ ನೋಡಬೇಕೆಂದು ಅವಳೇ ಹೇಳಿದ್ದು;
ಏಳೂಮುಕ್ಕಾಲಿಗೆ ಪಾಟಸ್‌ನಿಂದ ಫೋನು.
ಹಿಂದೆ ಕಬ್ಬಿನ ಲಾರಿಗಳ ಸದ್ದು.
"ಎಲ್ಲಾ ಕಟ್ ಅಂದಾವ್ರಿ. ಒಂದೂ ಜರುಗಿಲ್ಲ.
ಇಲ್ಲೆ ಡಾಳಿಂಬ ಸೋವಿ ಅದಾವ, ಬರೋಮುಂದ ತರಲೇನು?"

ತಾ, ಎಂದೆ.
ಬಾಲ್ಕನಿಯಲ್ಲಿ ನೀರಿನ ಪೈಪು ನೆಟ್ಟಗೆ ನಿಂತಿತ್ತು,
ತೊಂಡೆಬಳ್ಳಿಗೆ ಊರುಗೋಲಾಗಿ, ನಿನ್ನೆಯಿಂದ.
ನಾನು ನೆಟ್ಟದ್ದಲ್ಲ.