ಪೆಟ್ಟಿಗೆಯೊಳಗೆ ಪಿಂಗ್ ಇಲ್ಲ

ಘಣಸೋಲಿ, ಏಳನೇ ಮಹಡಿ, ರಾತ್ರಿ ಒಂದೂ ಮುಕ್ಕಾಲು.
ಕೆಳಗೆ ರಸ್ತೆಯಲ್ಲಿ ನ್ಹಾವಾ ಶೇವಾ ಬಂದರಿಗೆ
ಕಬ್ಬಿಣದ ಪೆಟ್ಟಿಗೆ ಹೊತ್ತ ಟ್ರೇಲರುಗಳ ಸಾಲು.
ಇಲ್ಲಿ ನನ್ನೆದುರಿಗೂ ಒಂದು:
ತೂಕವಿಲ್ಲ, ತುಕ್ಕಿಲ್ಲ,
ಕಂಟೇನರ್ ಎಂಬ ಹೆಸರೊಂದು ಅದೇ.
ಸಂಜೆಯಿಂದ ಹದಿನಾಲ್ಕು ಸಲ ಕಟ್ಟಿದೆ.
ಹದಿನಾಲ್ಕು ಸಲವೂ ಆರನೇ ಸಾಲಿಗೆ ಬಂದು
ಮುಗ್ಗರಿಸಿತು.

ಒಳಗಿರುವುದು ಡೋಂಬಿವಲಿಯ ರಕ್ತಪರೀಕ್ಷೆ ಲ್ಯಾಬಿನ ಹಳೇ ಪ್ರೋಗ್ರಾಮು.
ಬರೆದಾತ ಕೆಲಸ ಬಿಟ್ಟು ಆರು ವರ್ಷ.
ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯ ಜನ
ತೋಳು ಮೇಲೇರಿಸಿಕೊಂಡು ಬಂದು ಕೂರುತ್ತಾರೆ.
ಬೇಕಾದದ್ದು ಒಂದೇ ಪ್ಯಾಕೇಜು,
ವರದಿಯ ಮೇಲೆ ಮರಾಠಿ ಅಕ್ಷರ ಮೂಡಿಸುವಂಥದ್ದು.
ಸಿಗಲಿಲ್ಲ, ಅಂತು ಪರದೆ.
ಎಲ್ಲಿ ಹುಡುಕಿದೆ ಮಾರಾಯ?
ಮತ್ತದೇ ಕೆಂಪು ಗೆರೆ.

ಮೊದಲು ಜಾಲದ ಮೇಲೆ ಗುಮಾನಿ.
ಒಳಗೆ ಹೊಕ್ಕೆ. ಬೋಳು.
ಹಗುರವಾಗಲಿ ಎಂದು ಎಲ್ಲ ಕಿತ್ತಿದ್ದಾರೆ,
ಲೋಕಲ್ ರೈಲಿನ ಲಗೇಜ್ ಡಬ್ಬಿಯ ಹಾಗೆ.
ಪಿಂಗ್ ಮಾಡೋಣ ಅಂದರೆ ಪಿಂಗ್ ಇಲ್ಲ.
ಪಿಂಗ್ ಹಾಕೋಣ ಅಂದರೆ ಜಾಲ ಬೇಕು.
ಜಾಲ ಇದೆಯೋ ನೋಡಲು ಪಿಂಗ್ ಬೇಕು.
ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡುವುದಿಲ್ಲ
ಎಂದು ಸೊಲ್ಲಾಪುರದ ನಮ್ಮ ಓಣಿಯ ಗಾದೆ ಗೊಣಗಿದೆ.
ಜೋರಾಗಿಯೇ ಗೊಣಗಿರಬೇಕು;
ಪಕ್ಕದ ಕುರ್ಚಿಯಿಂದ ಹರ್ಷಲ್ ಭೋಯಿರ್
"ಕಾಯ್ ಝಾಲಂ, ತಾಯಿ?" ಎಂದ.

ಒಳಗೆ ಉಳಿದದ್ದು ಕ್ಯಾಟ್ ಒಂದೇ.
ಆ ಬೆಕ್ಕನ್ನೇ ಕಡತದಿಂದ ಕಡತಕ್ಕೆ ಬಿಟ್ಟೆವು.
ಎರಡೂವರೆಗೆ ಇಲಿ ಸಿಕ್ಕಿತು:
ವಿಳಾಸದ ಕಡತದಲ್ಲಿ ಹಳೇ ಆವೃತ್ತಿ.
ಅದರ ಆಯುಷ್ಯ ಮುಗಿದು,
ಸಾಮಾನು ಸರಂಜಾಮು ಸಮೇತ
ಹಳತರ ಉಗ್ರಾಣಕ್ಕೆ ಸಾಗಿಸಿಯಾಗಿದೆ.
ಬಾಗಿಲಿಗೆ ಒಂದು ಚೀಟಿಯೂ ಇಲ್ಲ.
ಆರು ತಾಸು ನಾವು
ಇಲ್ಲದ ಮನೆಯ ಕದ ಬಡಿಯುತ್ತಿದ್ದೆವು.

"ಇಷ್ಟು ವರ್ಷ ಹೇಗೆ ನಡೀತು?" ಅಂದ ಹರ್ಷಲ್.
ಕ್ಯಾಶ್, ಅಂದೆ. ಎಂದೋ ತಂದಿಟ್ಟದ್ದನ್ನೇ
ತೆಗೆತೆಗೆದು ಕೊಡುತ್ತಿತ್ತು.
ಮೊನ್ನೆ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಅದನ್ನು ಅಳಿಸಿದ್ದರು.
(ಅಳಿಸಿದ್ದರು ಎಂದೆ. ಯಾರು ಎನ್ನಲಿಲ್ಲ.)

ಅವನು ನಕ್ಕ. ಅವನದು ಇದೇ ಘಣಸೋಲಿ, ಹಳೇ ಊರಿನ ಭಾಗ.
ಮೀಠಾಗರದ ಹತ್ತಿರ, ಭೋಯಿರ್ ಆಳಿ ಎಂದು ಬರೆದರೆ
ಕೊರಿಯರ್ ಹುಡುಗರು ಫೋನು ಮಾಡಿ ಬೈಯುತ್ತಾರಂತೆ.
ಉಪ್ಪಿನ ಗದ್ದೆಯೆಲ್ಲ ಸೆಕ್ಟರ್ ಆಯಿತು.
"ಪೋಸ್ಟ್‌ಮನ್ ಮ್ಹಾತ್ರೆ ಕಾಕಾ ಮಾತ್ರ ನೇರ ಬರ್ತಾರೆ.
ಮಾರ್ಚಿಗೆ ಅವರು ರಿಟೈರು.
ಆಮೇಲೆ ನಾವೂ ಸಿಗಲಿಲ್ಲ."

ವಿಳಾಸ ತಿದ್ದಿದೆ.
ಉಗ್ರಾಣ ಬಾಗಿಲು ತೆರೆದು, ಮತ್ತೆ ತಕರಾರು:
ಪಟ್ಟಿಯ ಮುದ್ದತ್ತು ಮುಗಿದಿದೆ.
ತಾರೀಕು ಬಿಡು, ಸಹಿ ನೋಡು
ಎಂದೊಂದು ಮಾತು ಸೇರಿಸಿದೆ.
ಇಳಿಯಿತು. ಹಿಡಿಯಷ್ಟು ಪ್ಯಾಕೇಜು, ನಾಲ್ಕು ಸೆಕೆಂಡು.

ಹರ್ಷಲ್ ಹಿಗ್ಗಿನಲ್ಲಿ ಪೆಟ್ಟಿಗೆ ಮುಚ್ಚಿಬಿಟ್ಟ.
ಮತ್ತೆ ತೆರೆದರೆ ಏನೂ ಇಲ್ಲ,
ಹುಟ್ಟಿದ ದಿನದ ಹಾಗೆ ಬೋಳು.
ಅವನ ಮುಖ ನೋಡಬೇಕಿತ್ತು.
ಒಳಗೆ ಮಾಡಿದ್ದು ನೀರ ಮೇಲಿನ ಬರಹವೋ,
ಹೊರಗಿನ ಕಡತದಲ್ಲಿ ಬರೆ ಎಂದೆ.
ಬರೆದ, ಎರಡು ಬೆರಳಲ್ಲಿ ಕುಟ್ಟುತ್ತ. ಐದು. ಆರು.
ಆರು ದಾಟಿತು.

ಪರೀಕ್ಷೆಗೆಂದು ಒಂದು ವರದಿ ತೆಗೆದೆವು.
ರಾತ್ರಿಯಿಡೀ ಖಾಲಿ ಚೌಕಗಳ ಸಾಲಾಗಿದ್ದದ್ದು
ಕಾಲು, ಕೊಂಬು, ಮೇಲಿನ ಗೆರೆ ಎಲ್ಲ ಪಡೆದು
ಸುಳ್ಳುಪಳ್ಳು ರೋಗಿಯ ಹೆಸರಾಯಿತು: ಚಂದ್ರಭಾಗಾ ಪಾಟೀಲ.
ಹಿಮೋಗ್ಲೋಬಿನ್ ಹನ್ನೊಂದು.

ಅವನು ಚಹಾ ತರಲು ಹೋದ.
ಖಾರಿಯ ಕಡೆ ಆಕಾಶ ಇನ್ನೂ ಮಸಿ.
ಆರನೇ ಸಾಲಿನ ಮೇಲೆ, ಮುಂದೆ ಬರುವವರಿಗೆ,
ಒಂದು ಟಿಪ್ಪಣಿ ಹಾಕಿದೆ:
ಮನೆ ಬದಲಾಗಿದೆ, ಹೊಸ ವಿಳಾಸ ಇದು.
ಅದರ ಕೆಳಗೆ
ಕ್ಯಾಶ್ ಅಳಿಸಿದವಳು ನಾನೇ ಎಂದು ಬರೆದು,
ಅಳಿಸಿ,
ಲಿಫ್ಟಿನ ಸದ್ದು ಕೇಳಿದ ಮೇಲೆ
ಮತ್ತೆ ಬರೆದೆ.