ಒತ್ತಕ್ಷರ ದಾಟದ ಕಣಿವೆ

ಕೊಂಚಾವರಂ ದಾಟಿ, ಡಾಂಬರು ಮುಗಿದು,
ಆಮೇಲೆ ಕೆಂಪು ಗರಸೂ ಮುಗಿದು,
ಗಾಡಿ ನಿಲ್ಲಿಸಿ ನಡೆದರೆ ಬೂರಗಮಡ್ಡಿ.
ಊರು ಅಂದರೆ ಹನ್ನೊಂದು ಮನೆ:
ಒಂದು ಈ ದಿಬ್ಬದ ಮೇಲೆ, ಒಂದು ಆ ಹಳ್ಳದಾಚೆ,
ಬಿತ್ತುವವನ ಮುಷ್ಟಿಯಿಂದ ಜಾರಿದ ತೊಗರಿಯ ಹಾಗೆ.

ನನ್ನ ಕೈಯಲ್ಲಿ ಸರಕಾರದ ಟ್ಯಾಬು.
ಅದಕ್ಕೆ ಎಲ್ಲಾ ಬೇಕು. ಗೋಡೆ ಯಾವುದರದು,
ಸೈಕಲ್ ಉಂಟೋ, ರೇಡಿಯೋ ಉಂಟೋ,
ಮುಂದಿನ ಮನೆ ಎಷ್ಟು ದೂರ.

ಸಾಬಮ್ಮ ಇಪ್ಪೆ ಹೂವು ಒಣಗಹಾಕುತ್ತಿದ್ದಳು.
ತಲೆ ಎತ್ತಲಿಲ್ಲ.
"ಎರಡು ಕೂಗು."
"ಕಿಲೋಮೀಟರ್ ಹೇಳ್ರಿ ಅಮ್ಮಾ."
"ಮೂಡಗಾಳಿ ಇದ್ರ ಒಂದೂವರಿ."

ಹೂವು ಹರವುತ್ತ ಆಕೆಯೇ ಹೇಳಿದಳು:
"ಕೂಗಿದ್ದು ಪೂರಾ ಮುಟ್ಟಂಗಿಲ್ರಿ ಇಲ್ಲಿ.
ಅರ್ಧ ಕಲ್ಲಿಗಿ ಬಡದು ಉದುರ್ತದ,
ಅರ್ಧ ತೇಗಿನ ಎಲಿಗಿ ಸಿಗತದ.
ಜಡ ಹೆಸರಂತೂ ಹಳ್ಳದಾಗೇ ಬೀಳ್ತಾವ."
ಒತ್ತಕ್ಷರ ಕಣಿವೆ ದಾಟುವುದಿಲ್ಲ
ಎಂಬುದು ನಾನು ಆಮೇಲೆ ಮಾಡಿಕೊಂಡ ವ್ಯಾಕರಣ.

ಹಾಗಾಗಿ ಮೊಮ್ಮಗಳು ಶಾಲೆಯ ಹಾಜರಿಯಲ್ಲಿ ಐಶ್ವರ್ಯ,
ಮಡ್ಡಿಯ ಮೇಲೆ ಐಸೂ.
ಝಮಕಿಬಾಯಿಯ ಮಗ ಲಕ್ಷ್ಮಣ, ಹಳ್ಳದಾಚೆಗೆ ಲಾಚೂ.
ಬುಗ್ಗಪ್ಪನಿಗೆ ಏನೂ ಉಳಿದಿಲ್ಲ;
'ಊ' ಅಂದರೆ ಎತ್ತೂ ತಿರುಗುತ್ತದೆ, ಅವನೂ ತಿರುಗುತ್ತಾನೆ.

ನಡುವಿನ ಮನೆ ಮಶಾಕನದು.
ಕಿವಿ ಕೇಳುವುದಿಲ್ಲ, ಮಾತು ಬಾರದು.
ಟ್ಯಾಬಿನಲ್ಲಿ ಅದಕ್ಕೆ ಎರಡು ಚೌಕ, ಎರಡಕ್ಕೂ ಗುರುತು ಹಾಕಿದೆ.
ಅವನ ಕರಿ ನಾಯಿಗೆ ಚೌಕವಿಲ್ಲ,
ಕೂಗು ಬಂದ ದಿಕ್ಕಿಗೆ ಅದು ನೆಟ್ಟಗೆ ಮಾಡುವ ಕಿವಿಗೆ,
ಆ ಕಿವಿ ನೋಡಿಕೊಂಡು, ಬೇವಿಗೆ ತೂಗಿಬಿಟ್ಟ ರೈಲು ಹಳಿಯ ತುಂಡಿಗೆ
ಅವನು ಬಡಿಯುವ ಏಟಿಗೆ.
ಹೋದ ಮಳೆಗಾಲ ಝಮಕಿಬಾಯಿಯ ಸೊಸೆಗೆ ಬ್ಯಾನೆ ಎದ್ದ ರಾತ್ರಿ
ಸುದ್ದಿ ಆ ಕಬ್ಬಿಣ ಹಿಡಿದೇ ಡಾಂಬರು ಮುಟ್ಟಿತಂತೆ.
ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ.
ಒಂದೊಂದೇ ಕೂಗಿ ನೋಡ್ಲಕತ್ತಾರ.

ಕತ್ತಲಾಯಿತು. ಇಪ್ಪೆ ಹೂವಿಗೆ ಕರಡಿ ಬರ್ತಾವ,
ಗಾಡಿ ತನಕ ಹೋಗಬ್ಯಾಡ್ರಿ, ಅಂದರು.
ಸಾಬಮ್ಮನ ಅಂಗಳ, ಬಿಸಿ ರೊಟ್ಟಿ, ಪುಂಡಿಪಲ್ಯ.
ಉಂಡು ಕೈತೊಳೆದು ಆಕೆ ಕತ್ತಲಿಗೆ ಮುಖ ಮಾಡಿ ನಿಂತು
ಒಂದು 'ಓ' ಬಿಟ್ಟಳು.
ಯಾರನ್ನೂ ಕರೆದದ್ದಲ್ಲ.
ದೂರದಿಂದ ಇನ್ನೊಂದು ಓ.
ಅದರಾಚೆ ಮತ್ತೊಂದು, ನೂಲಿನಷ್ಟು ತೆಳ್ಳಗೆ.
ಠಣ್, ಇದು ಮಶಾಕ.
ಏಳಾಯಿತು.
ಎಂಟಕ್ಕೆ ಯಾರೂ ಅನ್ನಲಿಲ್ಲ.

"ಅದು ನರಸಮ್ಮಾಯಿ ಮನಿ," ಐಸೂ ಪಿಸುಗುಟ್ಟಿದಳು,
"ಸತ್ತು ಎರಡು ವರ್ಷ ಆತು.
ಆಕಿ ಅನ್ನೋವಷ್ಟು ಹೊತ್ತು ತಡೀತಾರ."
ಹಗಲು ಆ ಮನೆಗೆ ನಾನು 'ಖಾಲಿ' ಎಂದು ಒತ್ತಿದ್ದೆ.
ತಡೆದರು.
ಮುದುಕಿಗೆ ದಮ್ಮು ಇತ್ತೋ ಏನೋ, ತುಸು ಜಾಸ್ತಿಯೇ ತಡೆದರು.
ಆಮೇಲೆ ಒಂಬತ್ತು.
ಹತ್ತು, ಹನ್ನೊಂದು ನನಗೆ ಕೇಳಿಸಲಿಲ್ಲ, ಐಸೂಗೆ ಕೇಳಿಸಿದವು.

"ನೀವೂ ನಿಮ್ಮ ಹೆಸರು ಕೂಗ್ರಿ ಸರ್."
ನನ್ನ ಹೆಸರು ಪ್ರಹ್ಲಾದ.
ಎದ್ದು ನಿಂತು, ಇದ್ದಷ್ಟು ಉಸಿರು ಕಟ್ಟಿ ಕೂಗಿದೆ.
ಪಕಾರ ರಕಾರ ಅಲ್ಲೇ ಕುರಿದೊಡ್ಡಿಯ ಹತ್ತಿರ ಬಿದ್ದವು,
ಹಕಾರ ಲಕಾರ ಹಳ್ಳದೊಳಗೆ.
ಅವ್ವ ಇಟ್ಟ ಹೆಸರಿನಲ್ಲಿ ಉಳಿದ ಒಂದು 'ಆ' ಮಾತ್ರ
ಮುತ್ತುಗದ ಮೇಲಿಂದ ಹಾದು ಹೋಯಿತು, ಹೋಗುತ್ತಲೇ ಇತ್ತು.
ಕರಿ ನಾಯಿಗೆ ಈ ಕೂಗು ಹೊಸದು, ಯೋಚಿಸಿರಬೇಕು.
ಬಹಳ ಹೊತ್ತಾದ ಮೇಲೆ,
ಠಣ್.

ಮರುದಿನ ಚಿಂಚೋಳಿ ಬಸ್‌ಸ್ಟ್ಯಾಂಡಿನಲ್ಲಿ ನೆಟ್‌ವರ್ಕ್ ಸಿಕ್ಕಿತು.
ಮೂವತ್ತೊಂಬತ್ತು ಮಂದಿ ಒಬ್ಬರ ಹಿಂದೊಬ್ಬರು ಮೇಲೇರಿ ಹೋದರು.
ದೂರದ ಕಾಲಮ್ಮು ಮಾತ್ರ ಕೆಂಪಗೆ ನಿಂತಿತ್ತು.
'ಕೂಗು' ಎಂದು ಬರೆದೆ. ಅಂಕಿ ಮಾತ್ರ, ಅಂದಿತು.

ಎರಡು ಎಂದು ಒತ್ತಿದೆ.